ಜೇಡನುಸಿಯ ರಾಜ್ಯಭಾರ

ಟೊಮೇಟೊ ಬೆಳೆಗೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ, ಅದರಲ್ಲೂ 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡ ಚಿನ್ನದ ಗಣಿಯೂರಿನಲ್ಲಿ, ಪಡಸಾಲೆಯ ಕಿಟಕಿಯ ಬಳಿ ಮೂರು ಕುಂಡಗಳನ್ನಿರಿಸಿ ಕೃಷಿಕನಾಗಹೊರಟ ನನ್ನನ್ನು ನೋಡಿ ಮನೆಯಾಕೆ ನಕ್ಕಳಾದರೂ, ಕಾಯಿಗಳಿಗೆ ಕೆಂಪು ತಿರುಗಿದಂದು ನಾನು ಗಣಿಯ ಒಡೆಯನಂತೆಯೇ ಬೀಗಿದೆನು. ಮರುದಿನವೇ ಎಲೆಗಳ ಮೇಲೆ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು, ಗೆಲ್ಲುಗಳ ನಡುವೆ ನವಿರಾದ ಬಲೆ! ಎಲೆಯೊಂದನ್ನು ಬಿಳಿಯ ಕಾಗದದ ಮೇಲೆ ಕೊಡವಲು, ಪೂರ್ಣವಿರಾಮಗಳಿಗೆ ಕಾಲು ಮೂಡಿದಂತೆ ನುಸಿಗಳು ನಡೆಯತೊಡಗಿದವು. ಎಂಟು ಕಾಲಿನ ಇವು ಕೀಟಗಳಲ್ಲ, ಜೇಡನ ಜ್ಞಾತಿಗಳು. ದೇಹ ಅರ್ಧ ಮಿಲಿಮೀಟರು, ಆದರೆ ಒಣ ಬಿಸಿಲಿನಲ್ಲಿ ವಾರವೊಂದರಲ್ಲಿಯೇ ಮೊಟ್ಟೆಯಿಂದ ಗೃಹಸ್ಥಾಶ್ರಮಕ್ಕೆ ಬಂದುಬಿಡುವ ಅವಸರ.

ಕೊಯ್ಲಿಗೆ ನಾಲ್ಕೇ ದಿನಗಳಿರುವಾಗ ವಿಷವನ್ನು ಸಿಂಪಡಿಸಿದರೆ ಅದು ಸಾರಿನ ಮಾರ್ಗವಾಗಿ ನನ್ನ ಉದರವನ್ನೇ ಸೇರೀತೆಂದು ಹೆದರಿ, ಬೇವಿನೆಣ್ಣೆ ತರಲು ರೈಲು ಹತ್ತಿ ಬಂಗಾರಪೇಟೆಗೆ ಹೋದವನು, ಅಲ್ಲಿಯ ಪ್ರಖ್ಯಾತವಾದ ತಿಳಿನೀರಿನ ಪಾನಿಪೂರಿಯ ಮುಂದೆ ನಿಂತು, ಎರಡು ತಟ್ಟೆ ಮುಗಿಸಿ, ಕಣ್ಣೀರೊರೆಸಿಕೊಂಡು, ಎಣ್ಣೆಯನ್ನು ಮರೆತು ಹಿಂದಿರುಗಿದೆನು. ಕಡೆಗೆ ಎಳೆಗೂಸಿಗೆ ಎರೆಯುವಂತೆ ಒಂದೊಂದೇ ಎಲೆಯನ್ನು ಅಂಗಾತ ತಿರುಗಿಸಿ, ನುಸಿಗಳ ನಿಜನಿವಾಸವಾದ ಅಡಿಭಾಗಕ್ಕೆ ಬರಿಯ ನೀರನ್ನೇ ಬೆಳಗೂ ಬೈಗೂ ರಭಸವಾಗಿ ಚಿಮ್ಮಿಸಿದೆನು. ನೆಲವೆಲ್ಲ ಕೆರೆಯಾಯಿತು, ಸೊಂಟ ಬಿಲ್ಲಾಯಿತು.

ದಕ್ಕಿದ್ದು ಏಳು ಹಣ್ಣು. ರೈಲು, ಪಾನಿಪೂರಿ, ಸೊಂಟದ ಮುಲಾಮು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದ ಮನೆಯಾಕೆ, ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಅಗೆದು, ನಷ್ಟವಾಗುತ್ತಿದೆಯೆಂದು 2001ರಲ್ಲಿ ಮುಚ್ಚಿದ ಗಣಿಯತ್ತ ಕೈತೋರಿ, “ನೋಡಿ ಕಲಿಯಬಾರದೇ?” ಎಂದಳು. ನಾನು ಸಾರನ್ನು ಇನ್ನಷ್ಟು ಬಡಿಸಿಕೊಂಡೆನು.