ಸುಬೇದಾರರ ಎರಡು ನಿಮಿಷ

ಪುಣೆಯ ಕ್ಯಾಂಪಿನಲ್ಲಿ ನಿವೃತ್ತ ಯೋಧರಿಗೆ ಬರಗಾಲವೆಂಬುದಿಲ್ಲ. 1817ರ ಖಡಕಿಯ ಕದನದ ತರುವಾಯ ದಂಡು ಬೀಡುಬಿಟ್ಟು ಬೆಳೆದ ಪೇಟೆಯದು, ದಕ್ಷಿಣ ಕಮಾಂಡಿನ ಮುಖ್ಯ ಕಾರ್ಯಾಲಯವೂ ಅಲ್ಲಿಯೇ ಇರುವುದರಿಂದ, ಪ್ರಾತಃಕಾಲ ವಾಯುಸೇವನೆಗೆ ಹೊರಟವನು ಒಬ್ಬಿಬ್ಬರು ಕರ್ನಲ್ಲರಿಗಾದರೂ ನಮಸ್ಕರಿಸದೆ ಮನೆ ಸೇರಲಾರನು. ಅಂಥ ಕಡೆಯಲ್ಲಿಯೂ ನಮ್ಮ ಸುಬೇದಾರ ಸಾಹೇಬರು ಎದ್ದು ಕಾಣುವರು. ಧಾರವಾಡದ ಕಡೆಯ ಈ ಲಿಂಗವಂತ ಗೃಹಸ್ಥರು, ಕೊರಳಲ್ಲಿ ಇಷ್ಟಲಿಂಗವನ್ನೂ ಎದೆಯ ಮೇಲೆ ಪದಕಗಳನ್ನೂ ಧರಿಸಿ, ನವೆಂಬರಿನ ಸ್ಮರಣೆಯ ಭಾನುವಾರದಂದು, ಬಿಷಪ್ ಹೀಬರರು 1825ರಲ್ಲಿ ಪ್ರತಿಷ್ಠಾಪಿಸಿದ ಸೇಂಟ್ ಮೇರಿ ಚರ್ಚಿಗೆ ಪಾದ್ರಿಗಳಿಗಿಂತ ಮೊದಲೇ ಹಾಜರಾಗುವರು. “ದೇವರು ಯಾವನರೆ ಇರ್ಲಿ ರೀ, ಪರೇಡ್ ಅಂದ್ರ ಪರೇಡ್” ಎಂಬುದು ಅವರ ಸರ್ವಧರ್ಮಸಮನ್ವಯ.

ವರ್ಷವೆಲ್ಲ ಟ್ರಂಕಿನಲ್ಲಿ ಅಜ್ಞಾತವಾಸ ಮಾಡಿದ ಅವರ ನೀಲಿ ಕೋಟು ನುಸಿಗುಳಿಗೆಯ ಸೌರಭವನ್ನು ಎರಡು ಸಾಲು ಮುಂದಕ್ಕೆ ಪಸರಿಸುವುದು; ಹಿಂದಿನ ರಾತ್ರಿ ಬ್ರಾಸೋ ಹಚ್ಚಿ ತಿಕ್ಕಿದ ಪದಕಗಳು ಥಳಥಳಿಸುವುವು; ಹೊಟ್ಟೆಯೊಂದು ಮಾತ್ರ ಆಜ್ಞೆಗೆ ಒಳಪಡದೆ ಮುಂದೆ ನಡೆದಿರುವ ಕಾರಣ ನಡುವಿನ ಗುಂಡಿಯು ಯುದ್ಧವಿರಾಮವನ್ನು ಘೋಷಿಸಿರುವುದು. ಸೇವಾವಧಿಯಲ್ಲಿ ಸಾಹೇಬರು ಬಹುಮಟ್ಟಿಗೆ ಕಾದಿದ್ದು ರೇಷನ್ ಗೋದಾಮಿನ ಹೆಗ್ಗಣಗಳೊಡನೆಯೇ ಆದರೂ, ಚಹಾದ ಕಪ್ಪು ಕೈಗೆ ಬಂದಿತೆಂದರೆ 1971ರ ಸಮರವು ತೊಗರಿಬೇಳೆಯ ಮೂಟೆಗಳ ನಡುವೆಯೇ ಗೆದ್ದಂತಾಗುವುದು. ಜನರಲ್ ಕಾರ್ಯಪ್ಪನವರು ಅವರಿಗೆ ಕುಲದೈವ. ಆ ಜನರಲ್ಲರು ಸೇನೆಯಿಂದ ನಿವೃತ್ತರಾದ 1953ರ ಜನವರಿ 14ರ ನೆನಪಿಗಾಗಿಯೇ ಮಾಜಿ ಸೈನಿಕರ ದಿನವು ನಡೆಯುವುದರಿಂದ, ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಕಾರ್ಯಪ್ಪನವರ ಗೌರವಾರ್ಥವೆಂದೇ ಹಂಚುವರು.

ಗಡಿಯಾರದ ವಿಷಯದಲ್ಲಂತೂ ಅವರು ನಿರ್ದಯರು. ಹನ್ನೊಂದು ಗಂಟೆಯ ಮೌನಕ್ಕೆ ಪಾದ್ರಿಗಳು ಅರ್ಧ ನಿಮಿಷ ತಡಮಾಡಿದರೂ ಕೆಮ್ಮಿ ಎಚ್ಚರಿಸುವರು. 1918ರಲ್ಲಿ ಮಹಾಯುದ್ಧ ನಿಂತ ಗಳಿಗೆಯನ್ನು ಪಾದ್ರಿಯೊಬ್ಬರು ಮುಂದೂಡಬಹುದೆ?

ಈ ಸಲ ಬ್ಯೂಗಲ್ಲಿನ ದನಿ ಅಡಗಿ, ಎರಡು ನಿಮಿಷ ಕಳೆದು, ಎಲ್ಲರೂ ಕುಳಿತರು. ಸುಬೇದಾರರೊಬ್ಬರು ಮಾತ್ರ ಸಾವಧಾನದಲ್ಲಿಯೇ ನಿಂತಿದ್ದರು. ಗೋಡೆಯ ಮೇಲಿನ ಅಮೃತಶಿಲೆಯ ಫಲಕಗಳಲ್ಲಿ ಆಂಗ್ಲ ಅಧಿಕಾರಿಗಳ ಹೆಸರುಗಳು ಸಾಲುಗಟ್ಟಿದ್ದುವು. ಹೊರಗೆ ಬಂದ ಮೇಲೆ, ಇಂದು ಅವರನ್ನು ಹಿಡಿದೆನೆಂಬ ಹಿಗ್ಗಿನಿಂದ, “ಸಾಹೇಬರ ಗಡಿಯಾರ ಹಿಂದೆ ಬಿದ್ದಿತೇನು?” ಎಂದೆನು.

“ಹಿಂದ ಬಿದ್ದಿಲ್ಲ ರೀ. ಆ ಸಾಹೇಬರಿಗೆಲ್ಲಾ ಕಲ್ಲಿನ ಮ್ಯಾಲ ಹೆಸರದಾವ, ಎರಡು ಮಿನಿಟ ಸಾಕು. ನನ್ನ ರೇಷನ್ ಟ್ರಕ್ಕಿನ ಡ್ರೈವರಗ ಎಲ್ಲೂ ಕಲ್ಲಿಲ್ಲ. ಅವಗ ಅರ್ಧಾ ಮಿನಿಟ ಜಾಸ್ತಿ.”

ನಾನು ಉತ್ತರವನ್ನು ಹುಡುಕುತ್ತಿರುವಷ್ಟರಲ್ಲಿಯೇ ಸಾಹೇಬರು ಚಹಾದ ಮೇಜನ್ನು ತಲಪಿ, ಬಿಸ್ಕತ್ತುಗಳನ್ನು ಎಣಿಸಿ, ತಲೆಗೆ ಎರಡರಂತೆ ಹಂಚದಿದ್ದವನನ್ನು ಗದರಿಸಲು ಆರಂಭಿಸಿದ್ದರು.