ಪರಗೃಹ ಕುಕ್ಕುಟ ಮೀಮಾಂಸೆ, ಅರ್ಥಾತ್ ವಿಸಿಟರ್ ವೀಸಾದವರು ಪಕ್ಕದ ಮನೆಯ ಕೋಳಿ ಕಾಯುವ ಶಾಸ್ತ್ರ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ಶುರುವಿಗೇ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ ಕೋಳಿ. ಅದು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ, ಸಾಫ್ಟ್‌ವೇರ್ ಮಗನ ಮನೆಯ ಬೇಲಿಯಾಚೆ ಇದೆ. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು, ಮಂಡ್ಯದಿಂದಲೋ ಸಾಗರದಿಂದಲೋ ಬಂದಿಳಿದ ನಿವೃತ್ತ ತಂದೆ. ಆತ ಬಾಯ್ಲರ್ ಮುಟ್ಟುವಂತಿಲ್ಲ. ಆತ ಡಿಶ್‌ವಾಷರಿನಲ್ಲಿ ಜೋಡಿಸಿದ ಪಾತ್ರೆಗಳನ್ನು ಸೊಸೆ ಸದ್ದಿಲ್ಲದೆ ಮತ್ತೆ ಜೋಡಿಸುತ್ತಾಳೆ. ಮಾಡಲು ಕೆಲಸವಿಲ್ಲದಿರುವುದೇ ಆತನ ಮುಖ್ಯ ಅರ್ಹತೆ. ಸಂಬಂಧವೆಂದರೆ, ಪಕ್ಕದ ಮನೆಯವರು ಚಳಿ ತಪ್ಪಿಸಿಕೊಳ್ಳಲು ಸ್ಪೇನಿಗೆ ಹೊರಟದ್ದು. ಪ್ರಯೋಜನವನ್ನು ಕೊನೆಗೆ ಹೇಳುತ್ತೇವೆ. ಮೊದಲೇ ಹೇಳಿಬಿಟ್ಟರೆ ಶಾಸ್ತ್ರವನ್ನು ಓದುವವರು ಯಾರು?

ವಾಸಾಧಿಕರಣ

ಸಂಶಯ: ಆ ನೆಲದಲ್ಲಿ ಯಾರ ನೆಲೆ ಗಟ್ಟಿ, ಅಪ್ಪನದೋ ಕೋಳಿಯದೋ?

ಅಪ್ಪನದೇ, ಏಕೆಂದರೆ ಆತನ ಬಳಿ ಪಾಸ್‌ಪೋರ್ಟ್ ಇದೆ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ವಿಸಿಟರ್ ವೀಸಾದವನು ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಕೋಳಿಗೆ ಅಂಥ ಗಡುವಿಲ್ಲ. ಅಷ್ಟೇ ಅಲ್ಲ, 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಹಿತ್ತಲಲ್ಲಿ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರದ ದಫ್ತರಿನಲ್ಲಿ ನೋಂದಾಯಿಸಲೇಬೇಕು. ಅಪ್ಪನೋ ಮಗನ ಮನೆಯ ವೈಫೈ ಬಿಟ್ಟರೆ ಬೇರೆಲ್ಲೂ ದಾಖಲಾದವನಲ್ಲ. ಆದ್ದರಿಂದ ಕೋಳಿಯೇ ನಿವಾಸಿ, ಅಪ್ಪ ಆಗಂತುಕ.

ಎರಡನೆಯ ಸಂಶಯ: ವಿಸಿಟರ್ ವೀಸಾದಲ್ಲಿ ಬಂದವನು ದುಡಿಯುವಂತಿಲ್ಲ. ಕೋಳಿ ಕಾಯುವುದು ದುಡಿಮೆಯೋ ಅಲ್ಲವೋ?

ಮೊಟ್ಟೆ ಸಿಗುವುದರಿಂದ ಅದು ಕೂಲಿ, ಕೂಲಿ ಇರುವುದರಿಂದ ಇದು ದುಡಿಮೆ ಎಂದು ಪೂರ್ವಪಕ್ಷದವರು ಕುಣಿಯುತ್ತಾರೆ. ಅವರಿಗೆ ಕೋಳಿಯ ಗುಣ ಗೊತ್ತಿಲ್ಲ. ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಶರತ್ಕಾಲದಲ್ಲಿ ಹಗಲು ಕುಗ್ಗಿದಂತೆ ಅದು ಹಳೆಯ ಪುಕ್ಕ ಉದುರಿಸಿ, ಹೊಸದು ಬೆಳೆಸುವುದರಲ್ಲೇ ಶಕ್ತಿ ಸುರಿದು, ಮೊಟ್ಟೆಯ ಮಾತೇ ಎತ್ತುವುದಿಲ್ಲ. ಮೊಟ್ಟೆಯಿಲ್ಲವೆಂದರೆ ಕೂಲಿಯಿಲ್ಲ, ಕೂಲಿಯಿಲ್ಲವೆಂದರೆ ಅದು ಸೇವೆ. ಹೀಗೆ ಕೋಳಿಯು ಮೊಟ್ಟೆ ನಿಲ್ಲಿಸಿ ಪಾಲಕನ ವೀಸಾ ಕಾಪಾಡಿತೆಂಬುದು ಸಿದ್ಧಾಂತ. "ಹಾಗಾದರೆ ದಿನವೂ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ಏನು?" ಎಂದು ಕೇಳುವ ಅತಿಜಾಣರಿಗೆ ಉತ್ತರ ಕೊಡುವುದು ಕುಟುಂಬಕ್ಕೆ ಕ್ಷೇಮವಲ್ಲ.

ಮಡಿ ಅಧಿಕರಣ

ರಾತ್ರಿ ಉಳಿದ ಅನ್ನ, ಕೋಸಿನ ಮೇಲಿನೆಲೆ, ಸೌತೆಕಾಯಿ ಸಿಪ್ಪೆ ಇವೆಲ್ಲ ಕೋಳಿಯ ಪಾಲೆಂದು ಅಮ್ಮ ಹುಟ್ಟಿನಿಂದ ತಿಳಿದವಳು. ತಟ್ಟೆ ಹಿಡಿದು ಬೇಲಿಯತ್ತ ಹೊರಟವಳನ್ನು ಮಗ ಓಡಿಬಂದು ತಡೆಯುತ್ತಾನೆ: "ಅಮ್ಮಾ, ಅದು ಕಾನೂನು ಪ್ರಕಾರ ಅಪರಾಧ!"

ಹೌದು, ಅಪರಾಧವೇ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಡಿಯಿತು. ನಾರ್ತಂಬರ್‌ಲೆಂಡಿನ ಹಂದಿ ಫಾರ್ಮೊಂದರಲ್ಲಿ ಸರಿಯಾಗಿ ಕುದಿಸದ ಮುಸುರೆ ತಿನ್ನಿಸಿದ್ದೇ ಮೂಲವೆಂದು ಶಂಕಿಸಲಾಯಿತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ರೋಗ ನಿಲ್ಲಿಸಿದರು. ಅಂದಿನಿಂದ ಮುಸುರೆಗೆ ನಿಷೇಧ. ಕೋಳಿಗೆ ರಾಜಕುಮಾರಿಯ ಹೆಸರಿಟ್ಟು ಮುದ್ದಿಸಿದರೂ ಕಾನೂನಿನ ಕಣ್ಣಿಗೆ ಅದು ದನಕರುಗಳ ಪಂಕ್ತಿಯದೇ.

ಈ ಮಡಿಯ ಸೂಕ್ಷ್ಮಗಳು ನಮ್ಮ ಮಠಗಳನ್ನೂ ನಾಚಿಸುವಂಥವು. ಹಿತ್ತಲಲ್ಲಿ ಕಿತ್ತ ಕೋಸಿನೆಲೆ ನೇರ ಕೋಳಿಯ ಮುಂದೆ ಬಿದ್ದರೆ ಶುದ್ಧ. ಅದೇ ಎಲೆ ಅಡುಗೆಮನೆಯ ಹೊಸ್ತಿಲು ದಾಟಿ ಕಟ್ಟೆಯ ಮೇಲೊಮ್ಮೆ ಕೂತೆದ್ದರೆ ಮೈಲಿಗೆ. ಎಷ್ಟು ತೊಳೆದರೂ ಹೋಗದು. "ನಮ್ಮದು ಏಳು ತಲೆಯಿಂದ ಸಸ್ಯಾಹಾರದ ಮನೆ" ಎಂದು ಅಮ್ಮ ವಾದಿಸಬಹುದು. ಸಾಲದು. ವಿನಾಯಿತಿ ಇರುವುದು ಪೂರ್ತಿ ವೀಗನ್ ಅಡುಗೆಮನೆಗೆ ಮಾತ್ರ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಗಳಿಸಿದ ಪುಣ್ಯವೆಲ್ಲ ಒಂದು ಸೌಟು ಮೊಸರಿನಿಂದ ನಷ್ಟವಾಯಿತು. ಅತ್ತೆಯ ಕಾಲದ ಮಡಿ ಅಡುಗೆಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬ್ರಿಟಿಷರ ಮಡಿ ಅಡುಗೆಮನೆಯಿಂದ ಹೊರಗೆ ಏನನ್ನೂ ಬಿಡುವುದಿಲ್ಲ. ಕೋಳಿಗೆ ಚೀಲದ ಪೆಲೆಟ್ಟೇ ಗತಿ. ಅದು ಮಾತ್ರ, ಶಾಸ್ತ್ರ ಓದದ ಜೀವ, ಬೇಲಿಯ ಸಂದಿನಿಂದ ನಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತದೆ.

ಕಾಲಾಧಿಕರಣ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿ, ಕೋಳಿಯನ್ನು ಬಗಲಲ್ಲಿಟ್ಟುಕೊಂಡು ಊರು ಬಿಟ್ಟ ಅಜ್ಜಿಯ ಕಥೆಗೆ ನಕ್ಕು ದೊಡ್ಡವರಾದವರು ನಾವು. ಇಂಗ್ಲೆಂಡಿನ ಬಡಾವಣೆಗಳಲ್ಲಿ ಹುಂಜ ಸಾಕುವವರು ಕಡಿಮೆ. ಕೂಗಿದರೆ ನೆರೆಯವರು ಕೌನ್ಸಿಲ್ಲಿಗೆ ದೂರು ಕೊಡುತ್ತಾರೆ. ಪರಿಣಾಮ? ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ 8 ಗಂಟೆ, ಮುಳುಗುವಾಗ 4 ಗಂಟೆಯೂ ಆಗಿರುವುದಿಲ್ಲ. ಅಜ್ಜಿಯನ್ನು ಪಂಡಿತರು ಮರುಪರಿಶೀಲಿಸಬೇಕು.

ಅಕ್ಟೋಬರಿನ ಕೊನೆಯ ಭಾನುವಾರ ಆ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯಿದ್ದ ಅಂತರ ಐದೂವರೆಯಾಯಿತೆಂದು ಅಪ್ಪ ಲೆಕ್ಕ ಹಾಕುತ್ತಾನೆ. ಕೋಳಿ ಲೆಕ್ಕ ಹಾಕುವುದಿಲ್ಲ. ಕತ್ತಲಾಗುತ್ತಲೇ ಗೂಡು ಸೇರುತ್ತದೆ. ಅದರ ಹಿಂದೆಯೇ ಹೋಗಿ ಬಾಗಿಲು ಹಾಕದಿದ್ದರೆ ನರಿ ಬರುತ್ತದೆ. ರೆಡಿಂಗಿನಂಥ ಪಟ್ಟಣಗಳಲ್ಲೂ ನರಿಗಳು ಬೀದಿಯಲ್ಲೇ ಅಡ್ಡಾಡುತ್ತವೆ. ಅದುವರೆಗೆ "ಈಗ ಊರಲ್ಲಿ ಎಷ್ಟು ಗಂಟೆ?" ಎಂದೇ ದಿನ ಅಳೆಯುತ್ತಿದ್ದ ಅಪ್ಪ ಕಿಟಕಿಯಾಚೆ ನೋಡಿ "ಬಾಗಿಲು ಹಾಕೋ ಹೊತ್ತಾಯ್ತು" ಎನ್ನತೊಡಗುತ್ತಾನೆ. ಪರದೇಶದಲ್ಲಿ ನೆಲೆಗೊಳ್ಳುವುದರ ಲಕ್ಷಣ ಇದೊಂದೇ. ಮಿಕ್ಕದ್ದು ಸ್ವೆಟರಿನ ವಿಚಾರ.

ಕ್ರಮಾಧಿಕರಣ

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬೇಕೆಂಬ ಕಟ್ಟುನಿಟ್ಟಿನ ಕ್ರಮವಿದೆಯೆಂದು ನಾರ್ವೆಯ ಥೋರ್ಲೀಫ್ ಶೆಲ್ಡೆರಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ. ಆತ ಹುಡುಗನಾಗಿದ್ದಾಗಿನಿಂದಲೇ ಕೋಳಿ ನೋಡುತ್ತ ಕೂತವನಂತೆ. ಮಗನ ಮನೆಯಲ್ಲಿ ಒಂದು ವಾರ ಕೂತಿದ್ದರೂ ಸಾಕಿತ್ತು. ಅಲ್ಲಿ ಸೊಸೆ ಮಗನನ್ನು, ಮಗ ಅಪ್ಪನನ್ನು ಕುಕ್ಕಬಲ್ಲರು. ಮೊಮ್ಮಗಳು ಯಾರನ್ನು ಬೇಕಾದರೂ. ಅಪ್ಪನಿಗೆ ಮಾತ್ರ ಕುಕ್ಕಲು ಯಾರೂ ಇಲ್ಲ. ಬೇಲಿಯಾಚೆ ಹೋಗಿ "ನಡಿ ಒಳಗೆ!" ಎಂದು ಗದರಿದಾಗ ಒಳಗೆ ಹೋಗುವ ಜೀವವೊಂದು ಸಿಕ್ಕಿದ್ದು ಆತನ ಆರೋಗ್ಯಕ್ಕೆ ಎಷ್ಟು ಹಿತವೆಂಬುದನ್ನು ವೈದ್ಯರು ಇನ್ನೂ ಗಮನಿಸಿಲ್ಲ.

ಬಂಧುತ್ವಾಧಿಕರಣ

ಪರದೇಶದಲ್ಲಿ ಯಾರನ್ನು ಕಂಡರೂ "ನಿಮ್ಮದು ಯಾವೂರು?" ಎನ್ನುವುದು ಕನ್ನಡಿಗರ ಧರ್ಮ. ಕೋಳಿಯನ್ನೂ ಕೇಳಬಹುದು. ಸಾಕುಕೋಳಿಯ ಮೂಲಪುರುಷ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯೇನೋ ನಿಜ. ಆದರೆ ಹಳದಿ ಚರ್ಮ, ಹಳದಿ ಕಾಲು ಕೊಡುವ ಜೀನು ಬಂದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟರು. ಸಹ್ಯಾದ್ರಿಯ ಕಾಡಿನಲ್ಲಿ ಈಗಲೂ ಕೆದಕುತ್ತಿರುವ ಅದೇ ಹಕ್ಕಿ. ಅಂದಮೇಲೆ ರೆಡಿಂಗಿನ ಹಳದಿ ಕಾಲಿನ ಹೇಂಟೆ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ನಮ್ಮವಳೇ. ವೀಸಾ ಹುಟ್ಟುವ ಎಷ್ಟೋ ಕಾಲದ ಮೊದಲೇ ವಲಸೆ ಹೋಗಿ, ಕನ್ನಡ ಮರೆತು, ಚೆನ್ನಾಗಿ ನೆಲೆಗೊಂಡವಳು. ಮೊಮ್ಮಗಳ ಬಗ್ಗೆ ಚಿಂತೆಯಿರುವವರು ಇದನ್ನು ಓದಬಾರದು.

ಫಲಶ್ರುತಿ

ಸ್ಪೇನಿಗೆ ಹೋದವರೂ ಶಾಶ್ವತರಲ್ಲ. ಬ್ರೆಕ್ಸಿಟ್ ಆದಮೇಲೆ ಬ್ರಿಟಿಷರು ವೀಸಾ ಇಲ್ಲದೆ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅವರು ಹಿಂದಿರುಗಿ ಗೂಡಿನ ಚಿಲಕ ಕೇಳುವ ಹೊತ್ತಿಗೆ ಫೆಬ್ರವರಿಯ ಹಗಲು ಬೆಳೆದಿರುತ್ತದೆ. ಹೇಂಟೆ ಹೊಸ ಪುಕ್ಕ ಕೊಡವಿ ಮೊಟ್ಟೆಯಿಡುತ್ತದೆ. ಮೊಟ್ಟೆ ಬಂತೆಂದರೆ ಕೂಲಿ ಬಂತು. ಕೂಲಿ ಬಂತೆಂದರೆ ದುಡಿಮೆಯಾಯಿತು. ಆದ್ದರಿಂದ ಮೊದಲ ಮೊಟ್ಟೆ ಕಂಡೊಡನೆ ಬೆಂಗಳೂರಿನ ಟಿಕೆಟ್ ನೋಡಿಕೊಳ್ಳುವುದು ಶಾಸ್ತ್ರಸಮ್ಮತ.

ಈ ಮೀಮಾಂಸೆಯನ್ನು ವಿಮಾನ ಹತ್ತುವ ಮೊದಲು ಓದಿದವರು ಇಳಿದ ವಾರಕ್ಕೇ "ಊರಿಗೆ ಹೋಗೋಣ" ಎನ್ನುವುದಿಲ್ಲ. ಕೇಳಿದವರ ಪಕ್ಕದ ಮನೆಯವರು ರಜೆಗೆ ಹೊರಡುತ್ತಾರೆ. ಓದಿಸಿದವರ ಸೊಸೆ ಡಿಶ್‌ವಾಷರನ್ನು ಮರುಜೋಡಿಸುವುದಿಲ್ಲ. ನಂಬದವರ ಕೋಳಿಯನ್ನು ನರಿ ನೋಡಿಕೊಳ್ಳುತ್ತದೆ.