ಹೊಸಾ ಹಳೇ ಗಾಡಿ

ನಂಜನಗೂಡಿನ ತೇರಿನ ಬೀದಿ. ತಿ. ನರಸೀಪುರದ ಭಾವ ಹೊಸದಾಗಿ ಕೊಂಡ ಹಳೇ ಎಸ್‌ಯುವಿ ತೋರಿಸಲು ಬಂದಿದ್ದಾರೆ. ಅರ್ಧ ದಾರಿ ಟೋಯಿಂಗ್ ಲಾರಿಯಲ್ಲಿ.

"ಏನ್ ಭಾವ, ಗಾಡಿ ನೆಲಕ್ಕೇ ಕೂತ್‌ಬುಟ್ಟದೆ?"

"ಏರ್ ಸಸ್ಪೆನ್ಷನ್ ಕಣಪ್ಪ. ಗಾಳಿ ಇಳಿದದೆ."

"ನಂಜುಂಡಪ್ಪನ ಐದು ತೇರಿಗೂ ಗಾಳಿ ಬೇಡ, ಹಗ್ಗ ಎಳುದ್ರೆ ಸಾಕು."

"ಎಪ್ಪತ್ತು ಲಕ್ಷದ್ದು, ಹನ್ನೆರಡಕ್ಕೆ ಬಂತು ಕಣೋ! ದೆಹಲಿ ಗಾಡಿ."

"ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ದೆಹಲೀಲಿ ಓಡುಸಂಗಿಲ್ಲ ಅಂತ ಹಸಿರು ನ್ಯಾಯಮಂಡಳಿ 2015ರಲ್ಲೇ ಅಂದದೆ. ಅವರು ವಾನಪ್ರಸ್ಥಕ್ಕೆ ಕಳುಸಿದ್ರೆ ನೀವು ತಾಳಿ ಕಟ್ಟುದ್ರಿ."

"ಬೆಲೆ ಇಳಿದಿತ್ತಲ್ಲಪ್ಪ!"

"ಗಾಡಿ ಬೆಲೆ ಇಳೀತದೆ ಭಾವ, ಸ್ಪೇರ್ ಪಾರ್ಟ್‌ದು ಎಪ್ಪತ್ತು ಲಕ್ಷದ ಗಾಡಿ ರೇಟೇ. ಎನ್‌ಒಸಿ ತಂದು ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಮೆಕ್ಯಾನಿಕ್ ಏನಂದ?"

"ನಾಲ್ಕು ಚಕ್ರಕ್ಕೂ ಗಾಳಿ ಚೀಲ ಅಂತೆ. ಒಂದು ಸೋರಿದ್ದಕ್ಕೆ ಕಂಪ್ರೆಸರ್ರು ತುಂಬಿ ತುಂಬಿ ತಾನೇ ಸುಟ್ಟೋಯ್ತಂತೆ. ಬಿಲ್ಲು ಮಾತ್ರ ಮೊದಲು ಕೂತ್ಕೊಳಿ, ಆಮೇಲೆ ಹೇಳ್ತೀನಿ ಅಂದ."

"ತಗೊಳೋ ಮುಂಚೆ ಸ್ಕ್ಯಾನ್ ಹಾಕ್ಸಿ, ಸರ್ವೀಸ್ ಹಿಸ್ಟರಿ ನೋಡ್ಲಿಲ್ವ?"

"ಸನ್‌ರೂಫ್ ನೋಡ್ದೆ."

"ಈಗೇನ್ಮಾಡೀರಿ?"

"ಗುಂಡ್ಲುಪೇಟೆಯೋರು ಒಬ್ಬರು ಗಾಡಿ ನೋಡೋಕೆ ಬತ್ತಾವ್ರೆ. ಬಟ್ಟೆ ತಗೊಂಡು ಆ ಸನ್‌ರೂಫ್ ಚೂರು ಒರಸು."